ನಮ್ಮ ಭಾಗದಲ್ಲಿ ಹರಳುಕಲ್ಲು ಎಲ್ಲೆಲ್ಲಿ ಕಾಣುತ್ತವೆ? ಊರು ಸಮೇತ ಬರೆದಿಡೋಣ

ಗದಗ ಮಾಸ್ತರ:

ಎಲ್ಲರಿಗೂ ನಮಸ್ಕಾರ. ಒಂದು ಕೆಲಸ ಶುರು ಮಾಡೋಣ ಅಂತ ಈ ಚರ್ಚೆ ತೆರೆದಿದ್ದೇನೆ.

ಭಾರತದ ಹರಳುಗಳು ಅಂದರೆ ಹೊರಗಿನ ಸಂಗ್ರಹಕಾರರಿಗೆ ಮೊದಲು ನೆನಪಾಗುವುದು ಮಹಾರಾಷ್ಟ್ರ. ಪುಣೆ, ನಾಶಿಕ, ಜಳಗಾಂವ ಸುತ್ತಲಿನ ಕಪ್ಪುಕಲ್ಲಿನ ಖಣಿಗಳಲ್ಲಿ ಸಿಕ್ಕ ಸ್ಟಿಲ್ಬೈಟ್, ಹ್ಯೂಲಾಂಡೈಟ್, ಅಪೋಫಿಲೈಟ್ ಹರಳುಗಳು ದೊಡ್ಡ ದೊಡ್ಡ ಮ್ಯೂಸಿಯಂಗಳಲ್ಲಿ ಕೂತಿವೆ. ನಮ್ಮ ಧಾರವಾಡ, ಗದಗ, ಹಾವೇರಿ ಭಾಗಕ್ಕೆ ಕಲ್ಲಿನ ಲೋಕದಲ್ಲಿ ಬೇರೆ ತರಹದ ಹೆಸರಿದೆ. 1880ರ ದಶಕದಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ದಕ್ಷಿಣ ಭಾರತದ ಬಹಳ ಹಳೆಯ ಶಿಲೆಗಳ ಒಂದು ಗುಂಪಿಗೆ ಧಾರವಾಡದ ಹೆಸರನ್ನೇ ಇಟ್ಟರು. ಇವತ್ತಿಗೂ ಭೂವಿಜ್ಞಾನ ಓದುವ ಎಲ್ಲರೂ ಆ ಹೆಸರು ಓದಿಯೇ ಮುಂದೆ ಹೋಗುತ್ತಾರೆ. ಆದರೆ ಮುಂಡರಗಿ ಕಡೆಯ ಒಂದು ಬಾವಿಯಲ್ಲಿ, ರಾಣೇಬೆನ್ನೂರು ಕಡೆಯ ಒಂದು ಖಣಿಯಲ್ಲಿ ಯಾವ ಹರಳು ಕಂಡಿತು ಅನ್ನುವುದು ಕೆಲಸಗಾರರ ಬಾಯಲ್ಲಿ ನಾಲ್ಕು ದಿನ ಇದ್ದು ಮರೆತುಹೋಗುತ್ತದೆ.

ಇದು ಈಗಲೇ ಆಗಬೇಕಾದ ಕೆಲಸ. ಯಾಕೆಂದರೆ ನಮ್ಮ ನೆಲ ಈಗ ಎಲ್ಲಾ ಕಡೆ ತೆರೆದುಕೊಳ್ಳುತ್ತಿದೆ. ಕೃಷಿಹೊಂಡ ತೋಡುತ್ತಾರೆ, ಬಾವಿ ಆಳ ಮಾಡಿಸುತ್ತಾರೆ. ಹೈವೇ ಅಗಲ ಮಾಡಲು ಗುಡ್ಡ ಕಡಿಯುತ್ತಾರೆ. ಗಾಳಿಯಂತ್ರ ನಿಲ್ಲಿಸಲು ಬುನಾದಿ ತೆಗೆಯುತ್ತಾರೆ, ಅಲ್ಲಿಗೆ ದಾರಿ ಮಾಡುತ್ತಾರೆ. ಹೊಸ ಕಲ್ಲು ಕೆಲವು ದಿನ ಬಿಸಿಲಿಗೆ ಕಾಣುತ್ತದೆ. ಆಮೇಲೆ ಕಾಂಕ್ರೀಟ್ ಬೀಳುತ್ತದೆ, ಇಲ್ಲವೇ ನೀರು ತುಂಬುತ್ತದೆ. ಮತ್ತೆ ಯಾರಿಗೂ ಕಾಣುವುದಿಲ್ಲ.

ಕಲ್ಲು ಕೂಡಿಡಿ ಅಂತ ನಾನು ಹೇಳುತ್ತಿಲ್ಲ. ಜಾಗ ಬರೆದಿಡಿ ಅನ್ನುತ್ತಿದ್ದೇನೆ. ಊರು ಗೊತ್ತಿಲ್ಲದ ಹರಳು ಎಷ್ಟೇ ಚೆಂದ ಇದ್ದರೂ ಅದರಿಂದ ನೆಲದ ಬಗ್ಗೆ ಏನೂ ತಿಳಿಯುವುದಿಲ್ಲ. ಊರು ಗೊತ್ತಿದ್ದರೆ ಒಡೆದ ಚೂರಿಗೂ ಬೆಲೆ ಇದೆ. ನೀವು ಕಂಡದ್ದನ್ನು ಇಲ್ಲಿ ಹಾಕಿ. ಗುರುತಿಸಲು ಬರುವವರು ಸಹಾಯ ಮಾಡಲಿ.

ಎರಿ ಹೊಲ:

ಮಾಸ್ತರರಿಗೆ ನಮಸ್ಕಾರ. ನಮ್ಮ ಹೊಲ ಡಂಬಳದ ಕಡೆ. ಅರ್ಧ ಎರಿ, ಅಂದರೆ ಕಪ್ಪು ಮಣ್ಣು, ಅರ್ಧ ಮಸಾರಿ, ಅಂದರೆ ಕೆಂಪು ಮಣ್ಣು. ಮಸಾರಿ ಕಡೆಗಿರುವ ಬಾವಿಯನ್ನು ಬೇಸಿಗೆಯಲ್ಲಿ ಆಳ ಮಾಡಿಸಿದೆವು. ಹಸಿರು ಬಣ್ಣದ ಪದರಗಲ್ಲು ಬಂತು. ಅದರ ನಡುವೆ ಬೆಣಚುಕಲ್ಲಿನ ಪಟ್ಟಿ, ನಮ್ಮ ಅಂಗೈ ಅಗಲ. ಆ ಬಿಳಿ ಕಲ್ಲಿನ ಅಂಚಿಗೆ ಹಳದಿ ಬಣ್ಣದ ಸಣ್ಣ ಸಣ್ಣ ಚೌಕ ಹರಳು ಕೂತಿವೆ. ಥಳಥಳ ಹೊಳೆಯುತ್ತವೆ. ಕೆಲವು ಕಡೆ ಹರಳಿಲ್ಲ, ಬರೀ ಚೌಕ ಕುಳಿ ಇದೆ. ಕುಳಿಯ ಒಳಗೆ ತುಕ್ಕಿನಂಥ ಪುಡಿ.

ಮನೆಯಲ್ಲಿ ಎರಡು ಪಂಗಡ ಆಗಿದೆ. ಒಬ್ಬರು ಬಂಗಾರ, ಯಾರಿಗೂ ಹೇಳಬೇಡ ಅನ್ನುತ್ತಾರೆ. ಇನ್ನೊಬ್ಬರು ಕಾಗೆಬಂಗಾರ, ಬಿಸಾಕು ಅನ್ನುತ್ತಾರೆ. ಫೋಟೋ ಹಾಕಿದ್ದೇನೆ. ತಿಳಿದವರು ಹೇಳಿ.

ಕಲ್ಲು ಓದುವಾಕೆ:

ನಮಸ್ಕಾರ ಅಣ್ಣಾ. ನಾನು ಧಾರವಾಡದಲ್ಲಿ ಭೂವಿಜ್ಞಾನ ಎಂ.ಎಸ್ಸಿ ಓದುತ್ತಿದ್ದೇನೆ. ನಿಮ್ಮ ಫೋಟೋ ನೋಡಿ ಬಹಳ ಖುಷಿ ಆಯಿತು. ಬಿಸಾಡಬೇಡಿ.

ಕಾಗೆಬಂಗಾರ ಅಂದರೆ ಅಭ್ರಕ. ಅದು ಈರುಳ್ಳಿ ಸಿಪ್ಪೆಯಂತೆ ಪದರ ಪದರವಾಗಿ ಏಳುತ್ತದೆ, ಚೌಕ ಹರಳಾಗುವುದಿಲ್ಲ. ಬಂಗಾರವೂ ಹೀಗೆ ಅಚ್ಚುಕಟ್ಟಾದ ಚೌಕವಾಗಿ ಸಿಗುವುದು ಬಹಳ ಅಪರೂಪ. ನಿಮ್ಮದು ಪೈರೈಟ್ ಅನಿಸುತ್ತದೆ, ಅಂದರೆ ಕಬ್ಬಿಣ ಮತ್ತು ಗಂಧಕ ಸೇರಿದ ಖನಿಜ. ಹರಳಿನ ಮೈಮೇಲೆ ಸಣ್ಣ ಸಮಾನಾಂತರ ಗೆರೆಗಳು ಕಾಣುತ್ತವೆಯಾ ನೋಡಿ. ಪೈರೈಟ್ ಚೌಕಗಳಲ್ಲಿ ಒಂದು ಮುಖದ ಗೆರೆಗಳು ಪಕ್ಕದ ಮುಖದ ಗೆರೆಗಳಿಗೆ ಅಡ್ಡವಾಗಿರುತ್ತವೆ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಒಂದಿದೆ. ಹಳೆಯ ಟೈಲ್ಸ್ ತುಂಡಿನ ಹಿಂಭಾಗ, ಹೊಳಪಿಲ್ಲದ ಒರಟು ಮೈ ಇರುತ್ತದಲ್ಲ, ಅದರ ಮೇಲೆ ಒಂದು ಚೂರನ್ನು ಉಜ್ಜಿ. ಹಸಿರು ಮಿಶ್ರಿತ ಕಪ್ಪು ಗೆರೆ ಬಿದ್ದರೆ ಪೈರೈಟ್. ಬಂಗಾರದ ಗೆರೆ ಬಂಗಾರದ ಬಣ್ಣದ್ದೇ ಇರುತ್ತದೆ. ಸೂಜಿಯಿಂದ ಒತ್ತಿದರೆ ಬಂಗಾರ ತಗ್ಗುತ್ತದೆ, ಪುಡಿ ಆಗುವುದಿಲ್ಲ. ಪೈರೈಟ್‌ಗೆ ಸೂಜಿ ನಾಟುವುದೇ ಕಷ್ಟ, ಜಾಸ್ತಿ ಒತ್ತಿದರೆ ಚೂರಾಗಿ ಸಿಡಿಯುತ್ತದೆ.

ಆ ಖಾಲಿ ಕುಳಿಗಳನ್ನು ದಯವಿಟ್ಟು ಬರೆದಿಡಿ. ಅಲ್ಲಿ ಹಿಂದೆ ಪೈರೈಟ್ ಹರಳು ಇತ್ತು. ಗಾಳಿ, ನೀರು ತಾಗಿ ಕರಗಿ ಹೋಗಿ ತುಕ್ಕು ಉಳಿದಿದೆ. ಎಷ್ಟು ಆಳದವರೆಗೆ ಬರೀ ಕುಳಿ, ಯಾವ ಆಳದಿಂದ ಹೊಸ ಹರಳು ಅಂತ ಗೊತ್ತಾದರೆ ನೀರು ಮತ್ತು ಗಾಳಿ ಎಲ್ಲಿಯವರೆಗೆ ಇಳಿದಿದೆ ಅನ್ನುವುದು ತಿಳಿಯುತ್ತದೆ. ಬಾವಿ ತೋಡಿದವರ ಹೊರತು ಬೇರೆ ಯಾರಿಗೂ ಇದು ಕಾಣುವುದಿಲ್ಲ.

ಒಂದು ಎಚ್ಚರಿಕೆ. ಅದೇ ಕಲ್ಲಿನಲ್ಲಿ ಬೆಳ್ಳಿಯಂತೆ ಬಿಳಿಯಾಗಿ ಹೊಳೆಯುವ, ಉದ್ದನೆಯ ಹರಳು ಕಂಡರೆ ಅದು ಆರ್ಸೆನೋಪೈರೈಟ್ ಇರಬಹುದು. ಅದರಲ್ಲಿ ಆರ್ಸೆನಿಕ್ ಇರುತ್ತದೆ. ಸುತ್ತಿಗೆಯಿಂದ ಹೊಡೆದರೆ ಬೆಳ್ಳುಳ್ಳಿ ವಾಸನೆ ಬರುತ್ತದೆ. ವಾಸನೆ ನೋಡಲಿಕ್ಕೆ ಅಂತ ಹೊಡೆಯಬೇಡಿ, ಬಿಸಿ ಮಾಡಲೇಬೇಡಿ. ಮುಟ್ಟಿದರೆ ಕೈ ಸೋಪು ಹಾಕಿ ತೊಳೆಯಿರಿ. ಮಕ್ಕಳ ಕೈಗೆ ಕೊಡಬೇಡಿ. ಗದಗಿನ ಚಿನ್ನದ ಅದಿರಿನಲ್ಲಿ ಇದು ಪೈರೈಟ್ ಜೊತೆ ಇರುವುದು ಚೆನ್ನಾಗಿ ಗೊತ್ತಿರುವ ವಿಷಯ.

ಗದಗ ಮಾಸ್ತರ:

ಡಂಬಳದ ಹೆಸರು ಬಂದದ್ದಕ್ಕೆ ಒಂದು ಮಾತು. ಬ್ರೂಸ್ ಫೂಟ್ 1874ರಲ್ಲೇ ಡಂಬಳ ಗುಡ್ಡಗಳ ಬಂಗಾರದ ಶಿಲೆಗಳ ಬಗ್ಗೆ ಬರೆದಿದ್ದರು. ಕಪ್ಪತ್ತಗುಡ್ಡದಿಂದ ಇಳಿಯುವ ಹಳ್ಳಗಳಲ್ಲಿ ಮರಳು ತೊಳೆದು ಬಂಗಾರದ ಕಣ ತೆಗೆಯುವ ಜಾಲಗಾರರು ಆ ಕಾಲದಲ್ಲಿ ಇಲ್ಲಿ ಇದ್ದರು. ಯಾವ ಹಳ್ಳದಲ್ಲಿ ಎಷ್ಟು ಸಿಗುತ್ತದೆ ಅನ್ನುವ ಲೆಕ್ಕ ಅವರ ತಲೆಯಲ್ಲೇ ಇತ್ತು. ಅದನ್ನು ಅವರ ಬಾಯಿಂದ ಕೇಳಿ ಬರೆದಿಟ್ಟಿದ್ದರೆ ಇವತ್ತು ಎಂಥ ದಾಖಲೆ ಆಗುತ್ತಿತ್ತು! ಇಪ್ಪತ್ತನೇ ಶತಮಾನದ ಆರಂಭದಲ್ಲಿ ಕಂಪನಿಗಳು ಬಂದು ಗಣಿ ತೋಡಿದವು, ಮುಚ್ಚಿಕೊಂಡು ಹೋದವು. ಕಂಪನಿಯ ಕಾಗದ ಉಳಿಯಿತು, ಜಾಲಗಾರರ ತಿಳಿವಳಿಕೆ ಅವರ ಜೊತೆಗೇ ಹೋಯಿತು.

ತಂಗೀ, ಆ ಬೆಣಚುಪಟ್ಟಿ ಅಲ್ಲಿ ಹೇಗೆ ಬಂತು ಅಂತ ಸ್ವಲ್ಪ ಬಿಡಿಸಿ ಹೇಳುತ್ತೀರಾ? ನಮ್ಮ ಶಾಲೆಯ ಮಕ್ಕಳೂ ಇದನ್ನು ಓದುತ್ತಾರೆ.

ಕಲ್ಲು ಓದುವಾಕೆ:

ಖಂಡಿತ ಸರ್. ಚಿತ್ರದುರ್ಗದ ಕಡೆಯಿಂದ ಉತ್ತರಕ್ಕೆ ಬರುವ ಹಳೆಯ ಶಿಲೆಗಳ ಉದ್ದನೆಯ ಪಟ್ಟಿ ಗದಗಿನ ತನಕ ಬರುತ್ತದೆ. ಅದರಲ್ಲಿ ಹಳೆಯ ಲಾವಾ ಇದೆ, ಸಮುದ್ರದ ತಳದಲ್ಲಿ ಕೂತ ಕೆಸರು ಇದೆ, ಕಪ್ಪು ಕೆಂಪು ಪಟ್ಟೆಗಳ ಕಬ್ಬಿಣದ ಕಲ್ಲು ಇದೆ. ಎಲ್ಲವೂ ಮಡಚಿ, ನಿಂತು, ಶಾಖಕ್ಕೆ ಸಿಕ್ಕು ಬೇರೆ ರೂಪ ಪಡೆದಿವೆ. ಅಣ್ಣಾವರು ಹೇಳಿದ ಹಸಿರು ಪದರಗಲ್ಲಿಗೆ ಆ ಬಣ್ಣ ಸಾಮಾನ್ಯವಾಗಿ ಕ್ಲೋರೈಟ್ ಅನ್ನುವ ಖನಿಜದಿಂದ ಬರುತ್ತದೆ.

ಸುಮಾರು 250 ಕೋಟಿ ವರ್ಷದ ಹಿಂದೆ ಈ ಶಿಲೆಗಳು ಬಿರಿದಾಗ ಆಳದಿಂದ ಬಿಸಿನೀರು ಬಿರುಕುಗಳಲ್ಲಿ ಏರಿತು. ಆ ನೀರಿನಲ್ಲಿ ಸಿಲಿಕಾ ಕರಗಿತ್ತು, ಗಂಧಕ ಇತ್ತು, ಅತಿ ಸ್ವಲ್ಪ ಬಂಗಾರವೂ ಇತ್ತು. ಒತ್ತಡ ಇಳಿದಾಗ ಸಿಲಿಕಾ ಕೂತು ಬೆಣಚು ಆಯಿತು. ಗಂಧಕಕ್ಕೆ ಪಕ್ಕದ ಕಲ್ಲಿನ ಕಬ್ಬಿಣ ಸಿಕ್ಕಿತು, ಪೈರೈಟ್ ಆಯಿತು. ಬಂಗಾರವನ್ನು ನೀರಿನಲ್ಲಿ ಹಿಡಿದಿಟ್ಟಿದ್ದೇ ಗಂಧಕ. ಅದು ಕಬ್ಬಿಣದ ಜೊತೆ ಹೋದ ಮೇಲೆ ಬಂಗಾರ ಅಲ್ಲೇ ಉದುರಿತು. ಹರಳುಗಳು ಪಟ್ಟಿಯ ಅಂಚಿಗೇ ಯಾಕೆ ಕೂತಿವೆ ಅಂದರೆ ಇದಕ್ಕೇ. ಕಬ್ಬಿಣ ಇದ್ದದ್ದು ಪಕ್ಕದ ಕಲ್ಲಿನಲ್ಲಿ.

ಹರಳಿನ ಹೆಸರಿನಷ್ಟೇ ಪಕ್ಕದ ಕಲ್ಲಿನ ವಿವರವೂ ಮುಖ್ಯ ಅನ್ನುವುದು ಇದೇ ಕಾರಣಕ್ಕೆ. ಹರಳು ಯಾವ ಕಲ್ಲಿನಲ್ಲಿ ಕೂತಿತ್ತು, ಜೊತೆಗೆ ಏನಿತ್ತು, ಅಂಚಿನಲ್ಲೋ ನಡುವೆಯೋ, ಇಷ್ಟನ್ನಾದರೂ ಬರೆಯಬೇಕು. ಹರಳನ್ನು ಬಿಡಿಸಿ ತೊಳೆದು ಹೊಳೆಯುವಂತೆ ಮಾಡಿದರೆ ಅದೆಲ್ಲ ಹೋಯಿತು.

ಸರಪಳಿ ಹಾವೇರಿ:

ನಾನು ಭೂಮಾಪನ ಇಲಾಖೆಯಲ್ಲಿ ಸರಪಳಿ ಎಳೆದು ನಿವೃತ್ತನಾದವನು. ಕಲ್ಲಿನ ವಿಷಯ ಮೇಡಂ ಅವರಿಗೆ ಬಿಡುತ್ತೇನೆ. ಜಾಗದ ವಿಷಯ ನಾನು ಹೇಳುತ್ತೇನೆ.

ಮಾಸ್ತರರೇ, ಕಲ್ಲಿನ ಜೊತೆ ಊರು ಬರೆದಿಟ್ಟ ಹಳೆಯ ಚೀಟಿಗಳಲ್ಲಿ 'ಧಾರವಾಡ ಜಿಲ್ಲೆ' ಅಂತ ಇದ್ದರೆ ಅದನ್ನು ಈಗಿನ ಧಾರವಾಡ ಅಂತ ಓದಬಾರದು. 1997ರಲ್ಲಿ ಗದಗ ಮತ್ತು ಹಾವೇರಿ ಬೇರೆ ಜಿಲ್ಲೆ ಆದವು. ಅದಕ್ಕೂ ಮೊದಲಿನ ಚೀಟಿ ಮೂರರಲ್ಲಿ ಯಾವ ಜಿಲ್ಲೆಯದ್ದೂ ಆಗಿರಬಹುದು. 1956ಕ್ಕಿಂತ ಹಿಂದಿನದಾದರೆ ರಾಜ್ಯದ ಜಾಗದಲ್ಲಿ ಮುಂಬಯಿ ಅಂತ ಇರುತ್ತದೆ. ಅದನ್ನು ನೋಡಿ ಮಹಾರಾಷ್ಟ್ರದ ಕಲ್ಲು ಅಂದುಕೊಂಡು ಆ ಕಡೆಗೆ ಸೇರಿಸಿಬಿಡುವ ಅಪಾಯ ಇದೆ. ಶಿರಹಟ್ಟಿ ಆಗ ಸಾಂಗ್ಲಿ ಸಂಸ್ಥಾನದಲ್ಲಿತ್ತು. ಹಾಗಾಗಿ ಕಪ್ಪತ್ತಗುಡ್ಡದ ಒಂದು ಮಗ್ಗುಲಿನ ಕಲ್ಲಿಗೆ ಸಾಂಗ್ಲಿ ಹೆಸರು ಇದ್ದರೂ ಆಶ್ಚರ್ಯ ಇಲ್ಲ. ಕಾಗುಣಿತವೂ ಅಷ್ಟೇ. ಸೊರಟೂರನ್ನು ಆಗಿನ ಇಂಗ್ಲಿಷಿನಲ್ಲಿ 'ಸುರ್ತೂರ್' ಎಂದು ಬರೆದಿದ್ದಾರೆ.

ಕಾಲೇಜಿನ ಕಪಾಟಿನಲ್ಲಿ, ಹಿರಿಯರ ಪೆಟ್ಟಿಗೆಯಲ್ಲಿ ಇಂಥ ಹಳೆಯ ಚೀಟಿ ಸಿಕ್ಕರೆ ತಿದ್ದಬೇಡಿ, ಹರಿಯಬೇಡಿ. ಇದ್ದ ಅಕ್ಷರವನ್ನು ಹಾಗೇ ನಕಲು ಮಾಡಿ. ನಿಮ್ಮ ಓದು ಏನು ಅನ್ನುವುದನ್ನು ಪಕ್ಕದಲ್ಲಿ ಬೇರೆ ಬರೆಯಿರಿ. ಚೀಟಿ ಬರೆದವರಿಗೆ ಗೊತ್ತಿದ್ದ ಯಾವುದೋ ಸಂಗತಿ ನಮಗೆ ಗೊತ್ತಿಲ್ಲದೆ ಇರಬಹುದು.

ಇನ್ನು ಹೊಸದಾಗಿ ಬರೆಯುವ ಜಾಗಗಳು. ಮೊಬೈಲಿನಲ್ಲಿ ಅಕ್ಷಾಂಶ, ರೇಖಾಂಶ ಸಿಗುತ್ತದೆ. ತೆರೆದ ಆಕಾಶ ಇದ್ದರೆ ಐದಾರು ಮೀಟರ್ ಆಚೀಚೆ ಸರಿಯಾಗಿರುತ್ತದೆ. ಬಾವಿಯ ಒಳಗೆ, ಖಣಿಯ ಗೋಡೆ ಕೆಳಗೆ ನಿಂತು ತೆಗೆದರೆ ಸರಿ ಬರುವುದಿಲ್ಲ. ಮೇಲೆ ಬಂದು ತೆಗೆದು, 'ಅಂಚಿನಿಂದ ಇಷ್ಟು ದೂರ, ಇಷ್ಟು ಆಳ' ಅಂತ ಬರೆಯಿರಿ. ಒಂದು ಗೊಂದಲ ಎಲ್ಲರೂ ನೆನಪಿಡಬೇಕು. 15 ಡಿಗ್ರಿ 30 ನಿಮಿಷ ಅಂದರೆ 15.30 ಅಲ್ಲ, 15.50. ಒಂದು ಡಿಗ್ರಿಗೆ 60 ನಿಮಿಷ. ಇದನ್ನು ಕಲಸಿದರೆ ಜಾಗ ಇಪ್ಪತ್ತು ಕಿಲೋಮೀಟರ್‌ಗಿಂತ ಜಾಸ್ತಿ ದೂರ ಹೋಗುತ್ತದೆ. ಗದಗದ ಬಾವಿ ಶಿರಹಟ್ಟಿಯ ಕಡೆ ಬೀಳುತ್ತದೆ.

ಅಂಕಿ ಒಂದೇ ಸಾಲದು. ಗ್ರಾಮ, ತಾಲೂಕು, ಸರ್ವೆ ನಂಬರ್ ಸಹ ಇರಲಿ. ಅಂಕಿಯಲ್ಲಿ ಒಂದು ಅಕ್ಷರ ತಪ್ಪಿದರೂ ಗ್ರಾಮದ ಹೆಸರು ಹಿಡಿದು ತಿದ್ದಬಹುದು. ಸರ್ವೆ ಆಫ್ ಇಂಡಿಯಾ ನಕ್ಷೆ ನೋಡುವವರಿಗೆ, ಹುಬ್ಬಳ್ಳಿ ಮತ್ತು ಗದಗ 48 ಎಂ ಹಾಳೆಯಲ್ಲಿ ಬರುತ್ತವೆ, ಹಾವೇರಿ 48 ಎನ್ ಹಾಳೆಯಲ್ಲಿ. ಧಾರವಾಡ ನಗರ 75 ಡಿಗ್ರಿ ರೇಖೆಗೆ ತಾಗಿಕೊಂಡೇ ಇದೆ. ಅದರ ಪಶ್ಚಿಮದ ಹಳ್ಳಿಗಳಿಗೆ 48 ಐ ನೋಡಬೇಕು.

ಗುಡ್ಡದ ದಾರಿ:

ನಾನು ಚಾರಣಕ್ಕೆ ಕಪ್ಪತ್ತಗುಡ್ಡದ ಕಡೆ ಹೋಗುತ್ತಿರುತ್ತೇನೆ. ಮಳೆ ಆದ ಮೇಲೆ ಕಾಲುದಾರಿಯಲ್ಲಿ ಬೆಣಚಿನ ಚೂರು ಬೇಕಾದಷ್ಟು ತೊಳೆದು ಬಂದಿರುತ್ತವೆ. ಆರು ಮುಖದ ಮೊನೆ ಇರುವಂಥವೂ ಇರುತ್ತವೆ. ಬಿದ್ದಿರುವ ಒಂದೆರಡು ಎತ್ತಿಕೊಂಡು ಬಂದು ಚೀಟಿ ಹಚ್ಚಿ ಇಟ್ಟರೆ ಈ ಕೆಲಸಕ್ಕೆ ಸಹಾಯ ಆಗುತ್ತದಾ? ಗುಡ್ಡ ಅಗೆಯುವ ಮಾತಲ್ಲ, ಸುಮ್ನೆ ಬಿದ್ದಿರುವುದು.

ಬೆಟಗೇರಿ ಓದುಗ:

ಬೇಡ ತಮ್ಮಾ. ಕಪ್ಪತ್ತಗುಡ್ಡ 2019ರಲ್ಲಿ ವನ್ಯಜೀವಿಧಾಮ ಆಗಿದೆ, ಸುಮಾರು 244 ಚದರ ಕಿಲೋಮೀಟರ್. ಅದಕ್ಕಾಗಿ ಈ ಜಿಲ್ಲೆಯ ಜನ, ಮಠಗಳು, ಹೋರಾಟಗಾರರು ವರ್ಷಗಟ್ಟಲೆ ದನಿ ಎತ್ತಿದ್ದಾರೆ. 2015ರಲ್ಲಿ ಸಂರಕ್ಷಿತ ಪ್ರದೇಶ ಅಂತ ಘೋಷಣೆ ಆಯಿತು, 2016ರಲ್ಲಿ ಹಿಂದಕ್ಕೆ ಹೋಯಿತು, 2017ರಲ್ಲಿ ಮತ್ತೆ ಬಂತು. ಅಷ್ಟು ಕಷ್ಟಪಟ್ಟು ಉಳಿಸಿಕೊಂಡ ಗುಡ್ಡ ಅದು.

ಕಾನೂನು ಏನು ಹೇಳುತ್ತದೆ ಅಂತಲೂ ತಿಳಿದಿರಲಿ. ಅರಣ್ಯದೊಳಗಿನ ಕಲ್ಲು, ಖನಿಜ, ಮೇಲ್ಮಣ್ಣು ಕೂಡ ಅರಣ್ಯ ಉತ್ಪನ್ನವೇ. 1963ರ ಕರ್ನಾಟಕ ಅರಣ್ಯ ಕಾಯ್ದೆಯಲ್ಲಿ ಹಾಗೇ ಇದೆ. ಮರ ಕಡಿದರೆ ಮಾತ್ರ ತಪ್ಪು, ಕಲ್ಲು ಎತ್ತಿದರೆ ಪರವಾಗಿಲ್ಲ ಅನ್ನುವುದು ಜನರ ತಿಳಿವಳಿಕೆ. ಅದು ಸರಿಯಲ್ಲ. ವನ್ಯಜೀವಿಧಾಮದಲ್ಲಿ 1972ರ ವನ್ಯಜೀವಿ ಕಾಯ್ದೆ ಇನ್ನೂ ಬಿಗಿ.

ಅಭ್ಯಾಸದ ಮಾತೂ ಇದೆ. ಇವತ್ತು ಬಿದ್ದದ್ದು ಎತ್ತುತ್ತೇವೆ. ನಾಳೆ ಬೀಳಿಸಿ ಎತ್ತುವವರು ಬರುತ್ತಾರೆ.

ಕಲ್ಲು ಓದುವಾಕೆ:

ಬೆಟಗೇರಿ ಸರ್ ಹೇಳಿದ್ದು ಸರಿ. ಕಲ್ಲನ್ನು ಓದುವವಳಾಗಿ ಇನ್ನೊಂದು ಕಾರಣ ಸೇರಿಸುತ್ತೇನೆ. ದಾರಿಯಲ್ಲಿ ಬಿದ್ದ ಬೆಣಚು ಎಲ್ಲಿಂದ ಉರುಳಿ ಬಂತು ಅಂತ ಹೇಳಲಾಗುವುದಿಲ್ಲ. ಹುಟ್ಟಿದ ಬಂಡೆಯಲ್ಲೇ ಇರುವುದು ಬೇರೆ, ಹಳ್ಳದಲ್ಲಿ ಹರಿದು ಬಂದದ್ದು ಬೇರೆ. ಎರಡನ್ನೂ ಬರೆಯಬಹುದು, ಆದರೆ ಯಾವುದು ಅಂತ ಸ್ಪಷ್ಟವಾಗಿ ಹೇಳಬೇಕು. ಚಾರಣದಲ್ಲಿ ಕಂಡದ್ದಕ್ಕೆ ಫೋಟೋ ಸಾಕು. ಅಳತೆಗೆ ಪಕ್ಕದಲ್ಲಿ ಸಣ್ಣ ಸ್ಕೇಲ್ ಇಡಿ. ದೂರದಿಂದ ಒಂದು, ಹತ್ತಿರದಿಂದ ಒಂದು. ಒಣಗಿದ್ದಾಗ ಒಂದು, ನೀರು ಚಿಮುಕಿಸಿ ಒಂದು. ಒದ್ದೆ ಕಲ್ಲಿನಲ್ಲಿ ಬಣ್ಣ ಚೆನ್ನಾಗಿ ಕಾಣುತ್ತದೆ, ಒಣ ಕಲ್ಲಿನಲ್ಲಿ ಹೊಳಪು ತಿಳಿಯುತ್ತದೆ.

ಇದೇ ಸಂದರ್ಭದಲ್ಲಿ ಇನ್ನೊಂದು ಮಾತು. ಲಕ್ಕುಂಡಿಯ ಗುಡಿಗಳು, ಡಂಬಳದ ದೊಡ್ಡಬಸಪ್ಪ ಗುಡಿ ಇವೆಲ್ಲ ಬಳಪದ ಜಾತಿಯ ಮೆತ್ತಗಿನ ಹಸಿರುಗಲ್ಲಿನವು. ಆ ಕಲ್ಲು ಮೆತ್ತಗಿದ್ದದ್ದಕ್ಕೇ ಅಷ್ಟು ನವಿರಾದ ಕೆತ್ತನೆ ಸಾಧ್ಯವಾಯಿತು. ಖನಿಜ ಕಲಿಯುವ ಹುರುಪಿನಲ್ಲಿ ಕಂಬಕ್ಕೆ ಉಗುರು, ಸೂಜಿ ತಾಗಿಸಿ ಗಟ್ಟಿತನ ನೋಡಬೇಡಿ. ಕಣ್ಣಿನಿಂದ ಮಾತ್ರ ನೋಡಿ. ಹೊಲದಲ್ಲಿ ಸಿಕ್ಕ ಬೆಣಚು ಕೈಯಿಂದ ಕಡೆದಂತೆ, ಅಂಚು ಚೂಪಾಗಿ ಇದ್ದರೆ ಅದು ಹಿಂದಿನ ಮನುಷ್ಯರ ಆಯುಧ ಇರಬಹುದು. ಅದನ್ನೂ ಕದಲಿಸಬೇಡಿ.

ಹಳೇ ಹುಬ್ಬಳ್ಳಿ:

ನಾನು ಹರಳು ಕೊಂಡು ಕೂಡಿಸುತ್ತೇನೆ. ಹುಬ್ಬಳ್ಳಿಯಲ್ಲಿ ಒಂದು ಮೇಳದಲ್ಲಿ ಹಸಿರು ಅಪೋಫಿಲೈಟ್ ಕೊಂಡೆ. ಮಾರಿದವರು 'ಇದು ಧಾರವಾಡ ಜಿಲ್ಲೆಯದ್ದೇ, ನಿಮ್ಮೂರ ಕಲ್ಲು' ಅಂದರು. ಚೀಟಿಯಲ್ಲೂ ಹಾಗೇ ಬರೆದುಕೊಟ್ಟರು. ಇದನ್ನು ನಮ್ಮ ಪಟ್ಟಿಗೆ ಸೇರಿಸೋಣವಾ? ಇನ್ನೊಂದು, ರೈಲು ಹಳಿಯ ಹತ್ತಿರದ ಖಡಿಯಲ್ಲಿ ಸಣ್ಣ ಬಿಳಿ ಹರಳು ಹೊಳೆಯುವುದು ನೋಡಿದ್ದೇನೆ. ಅದಕ್ಕೆ ಜಾಗ ಹುಬ್ಬಳ್ಳಿ ಅಂತ ಬರೆಯಬಹುದಾ?

ಕಲ್ಲು ಓದುವಾಕೆ:

ಅಣ್ಣಾ, ಹಳಿಯ ಖಡಿ ಬೇಡವೇ ಬೇಡ. ಅದು ಯಾವುದೋ ಖಣಿಯಿಂದ ವ್ಯಾಗನ್‌ನಲ್ಲಿ ಬಂದದ್ದು. ರಸ್ತೆಯ ಜಲ್ಲಿ, ಮನೆ ಕಟ್ಟಲು ತಂದ ಕಲ್ಲು, ತೋಟಕ್ಕೆ ಹಾಕಿದ ಗರಸು ಎಲ್ಲಕ್ಕೂ ಇದೇ ಮಾತು. ಹಳಿ ಮೇಲೆ ಓಡಾಡುವುದೂ ಅಪಾಯ. ಆ ಖಡಿ ಬಂದ ಖಡಿ ಮಷೀನು ಯಾವುದು ಅಂತ ಪತ್ತೆ ಹಚ್ಚಿ, ಮಾಲೀಕರನ್ನು ಕೇಳಿ ಆ ಖಣಿಯ ಗೋಡೆ ನೋಡಿದರೆ ಆಗ ಅದು ದಾಖಲೆ.

ಅಪೋಫಿಲೈಟ್ ವಿಷಯ ಸ್ವಲ್ಪ ದೀರ್ಘವಾಗಿ ಹೇಳಬೇಕು. ಹಸಿರು ಅಪೋಫಿಲೈಟ್, ಸ್ಟಿಲ್ಬೈಟ್, ಹ್ಯೂಲಾಂಡೈಟ್ ಇವೆಲ್ಲ ಡೆಕ್ಕನ್ ಲಾವಾದ ಮಕ್ಕಳು. ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದ ಲಾವಾದಲ್ಲಿ ಗಾಳಿಗುಳ್ಳೆಗಳು ಸಿಕ್ಕಿಕೊಂಡವು. ಲಾವಾ ಗಟ್ಟಿ ಆದ ಮೇಲೆ ಬೆಚ್ಚನೆಯ ನೀರು ಆ ಪೊಳ್ಳುಗಳಿಗೆ ಇಳಿದು ನಿಧಾನವಾಗಿ ಹರಳು ಕಟ್ಟಿತು. ಪೊಳ್ಳು ಖಾಲಿ ಇದ್ದದ್ದರಿಂದ ಹರಳಿಗೆ ಬೆಳೆಯಲು ಜಾಗ ಸಿಕ್ಕಿತು. ಮ್ಯೂಸಿಯಂಗೆ ಹೋಗುವಷ್ಟು ಚೆಂದ ಆದದ್ದು ಅದಕ್ಕೇ.

ನಮ್ಮ ಧಾರವಾಡ ಶಿಲೆಗಳಲ್ಲೂ ಲಾವಾ ಇದೆ, ಅದರಲ್ಲೂ ಗುಳ್ಳೆ ಇತ್ತು. ಆದರೆ ಅದು ಡೆಕ್ಕನ್ ಲಾವಾಕ್ಕಿಂತ ಮೂವತ್ತು ನಲವತ್ತು ಪಟ್ಟು ಹಳೆಯದು. ನೆಲದಾಳಕ್ಕೆ ಹೋಗಿ ಬೆಂದು ಬಂದಿದೆ. ಆ ಶಾಖಕ್ಕೆ ಸ್ಟಿಲ್ಬೈಟ್‌ನಂಥ ನೀರು ತುಂಬಿದ ಖನಿಜಗಳು ಉಳಿಯುವುದಿಲ್ಲ. ಹಳೆಯ ಗುಳ್ಳೆಗಳಲ್ಲಿ ಈಗ ಸಿಗುವುದು ಕ್ಯಾಲ್ಸೈಟ್, ಬೆಣಚು, ಕ್ಲೋರೈಟ್, ಎಪಿಡೋಟ್ ಇಂಥವು. ಡೆಕ್ಕನ್ ಲಾವಾ ನೋಡಬೇಕಾದರೆ ಬೆಳಗಾವಿ, ವಿಜಯಪುರದ ಕಡೆಗೆ ಹೋಗಬೇಕು. ಹಾಗಾಗಿ ಆ ಚೀಟಿಯನ್ನು ನಾನು ನಂಬುವುದಿಲ್ಲ. ಕಲ್ಲು ನಿಜ ಇರಬಹುದು, ಊರು ಸುಳ್ಳು.

ಗದಗ ಮಾಸ್ತರ:

ಇದು ನಮ್ಮ ಕೆಲಸಕ್ಕೆ ಬಹಳ ಮುಖ್ಯ. ವ್ಯಾಪಾರಿಗಳಿಗೆ ಕಲ್ಲು ನಾಲ್ಕು ಕೈ ದಾಟಿ ಬಂದಿರುತ್ತದೆ. ಖಣಿಯ ಹೆಸರು ಬೇಕಂತಲೇ ಮುಚ್ಚಿಡುವವರೂ ಇದ್ದಾರೆ, ಬೇರೆಯವರು ಅಲ್ಲಿಗೆ ಹೋಗದಿರಲಿ ಅಂತ. ಹೀಗಾಗಿ ಮಾರಾಟವಾದ ಊರೇ ಹುಟ್ಟೂರು ಆಗಿಬಿಡುತ್ತದೆ. ಹಳೆಯ ಸಂಗ್ರಹಗಳಲ್ಲಿ ಬರೀ 'ಪೂನಾ' ಅಂತ ಬರೆದ ಚೀಟಿಗಳು ಎಷ್ಟೋ ಇವೆ.

ಜಾಗ ಸರಿಯಾಗಿ ಹಿಡಿದರೆ ಏನಾಗುತ್ತದೆ ಅನ್ನುವುದಕ್ಕೆ ಕವನ್ಸೈಟ್ ನೋಡಿ. ಕ್ಯಾಲ್ಸಿಯಂ, ವೆನೇಡಿಯಂ, ಸಿಲಿಕಾನ್ ಇರುವ ಕಡುನೀಲಿ ಖನಿಜ. ಅದು ಮೊದಲು ಗುರುತಾದದ್ದು ಅಮೆರಿಕದ ಒರೆಗಾನ್‌ನಲ್ಲಿ, 1973ರಲ್ಲಿ ಅದರ ವಿವರಣೆ ಪ್ರಕಟವಾಯಿತು. ಅಲ್ಲಿ ಸಿಕ್ಕದ್ದು ಸಣ್ಣ ಪ್ರಮಾಣ. ಆಮೇಲೆ ಪುಣೆಯ ಹತ್ತಿರದ ವಾಘೋಲಿಯ ಖಣಿಗಳಲ್ಲಿ ಸಿಕ್ಕ ಹರಳುಗಳು ಲೋಕದಲ್ಲೇ ಉತ್ತಮ ಅನಿಸಿಕೊಂಡವು. ಒಂದು ಹಳ್ಳಿಯ ಹೆಸರು ಎಲ್ಲ ದೇಶದ ಸಂಗ್ರಹಕಾರರ ಬಾಯಲ್ಲಿ ಬಂತು. ಆ ಚೀಟಿಗಳಲ್ಲಿ ಬರೀ 'ಭಾರತ' ಅಂತ ಇದ್ದಿದ್ದರೆ ವಾಘೋಲಿಯನ್ನು ಯಾರು ಕೇಳುತ್ತಿದ್ದರು?

ಅಂತರಜಾಲದಲ್ಲಿ ಮಿಂಡಾಟ್ ಅನ್ನುವ ಖನಿಜಗಳ ದೊಡ್ಡ ದಾಖಲೆ ಇದೆ. ಜೋಲಿಯನ್ ರಾಲ್ಫ್ ಶುರು ಮಾಡಿದ್ದು, 2000ದಿಂದ ಎಲ್ಲರಿಗೂ ತೆರೆದಿದೆ. ಯಾವ ಖನಿಜ ಯಾವ ಊರಲ್ಲಿ ಅನ್ನುವುದೇ ಅದರ ಜೀವಾಳ. ನಮ್ಮ ದಾಖಲೆ ಗಟ್ಟಿ ಆದ ಮೇಲೆ ಅಂಥ ಕಡೆಗೂ ಕಳಿಸಬಹುದು. ಅಲ್ಲಿಯವರೆಗೆ ಕೊಂಡ ಕಲ್ಲುಗಳಿಗೆ ಬೇರೆ ಪುಟ ಇರಲಿ. ಅದರಲ್ಲಿ 'ಮಾರಿದವರ ಮಾತಿನಂತೆ' ಅಂತ ಸೇರಿಸಿಯೇ ಬರೆಯೋಣ. ಹಳೇ ಹುಬ್ಬಳ್ಳಿಯವರು ಬೇಸರ ಮಾಡಿಕೊಳ್ಳಬೇಡಿ. ನಿಮ್ಮ ಅಪೋಫಿಲೈಟ್ ಫೋಟೋ ನಿಜಕ್ಕೂ ಚೆನ್ನಾಗಿದೆ.

ಹಳೇ ಹುಬ್ಬಳ್ಳಿ:

ಬೇಸರ ಏನಿಲ್ಲ ಮಾಸ್ತರರೇ. ನಮ್ಮೂರದ್ದು ಅಂದದ್ದಕ್ಕೇ ಎರಡು ಮಾತಿಲ್ಲದೆ ಕೊಂಡಿದ್ದು ನಿಜ. ಆ ಚೀಟಿಯನ್ನು ಹಾಗೇ ಇಟ್ಟು, ಮೇಡಂ ಬರೆದದ್ದನ್ನು ಪಕ್ಕದಲ್ಲಿ ಅಂಟಿಸುತ್ತೇನೆ.

ಬೆಟಗೇರಿ ಓದುಗ:

ನನಗೆ ಒಂದು ದೊಡ್ಡ ತಕರಾರಿದೆ. ಸರ್ವೆ ನಂಬರ್, ಅಕ್ಷಾಂಶ ಎಲ್ಲಾ ಹಾಕಿ ಎಂದು ಸರಪಳಿ ಸರ್ ಹೇಳಿದರು. ಇಲಾಖೆಯ ದಾಖಲೆಗೆ ಅದು ಸರಿ. ಎಲ್ಲರೂ ಓದುವ ಕಡೆ ಹಾಕಿದರೆ ಆ ರೈತರ ಗತಿ ಏನು? ಡಂಬಳದ ಕಡೆ ಬಾವಿಯಲ್ಲಿ ಹಳದಿ ಹರಳು ಎಂದರೆ ಸಾಕು. ಅದು ಪೈರೈಟ್ ಅಂತ ಮೇಡಂ ಎಷ್ಟೇ ಬಿಡಿಸಿ ಹೇಳಿದರೂ ಬಂಗಾರ ಅಂತ ಬರುವವರು ಬರುತ್ತಾರೆ. ಬೆಳೆ ತುಳಿಯುತ್ತಾರೆ. ಬದು ಅಗೆಯುತ್ತಾರೆ. ಈ ಜಿಲ್ಲೆಯಲ್ಲಿ ಬಂಗಾರದ ಮಾತು ಎತ್ತಿದಾಗಲೆಲ್ಲ ಗುಡ್ಡಕ್ಕೆ ಕಷ್ಟ ಬಂದಿದೆ. ಜಾಗವನ್ನು ಬರೆಯಲೇಬೇಡಿ ಅನ್ನುತ್ತೇನೆ ನಾನು.

ಸರಪಳಿ ಹಾವೇರಿ:

ನಿಮ್ಮ ಭಯ ನಿಜ. ಹಾವೇರಿ ಹತ್ತಿರ ಗಣಜೂರಿನಲ್ಲಿ ಚಿನ್ನದ ನಿಕ್ಷೇಪ ಇರುವುದು ಎಲ್ಲರಿಗೂ ಗೊತ್ತು. ಆ ಹೆಸರು ಎತ್ತಿದರೆ ಸಾಕು, ಊರ ಕಟ್ಟೆಯಲ್ಲಿ ಬೇರೆ ಮಾತೇ ಬರುವುದಿಲ್ಲ. ಆದರೆ ಬರೆಯಲೇಬೇಡಿ ಅಂದರೆ ಈ ಕೆಲಸವೇ ಇಲ್ಲ. ನಡುವಿನ ದಾರಿ ಇದೆ.

ಅಕ್ಷಾಂಶವನ್ನು ದಶಮಾಂಶದಲ್ಲಿ ಬರೆದಾಗ ಬಿಂದುವಿನ ನಂತರ ಐದು ಅಂಕಿ ಇದ್ದರೆ ಸುಮಾರು ಒಂದು ಮೀಟರ್ ಲೆಕ್ಕ. ಮೂರು ಅಂಕಿ ಇದ್ದರೆ ನೂರು ಮೀಟರ್ ಚಿಲ್ಲರೆ. ಎರಡೇ ಅಂಕಿ ಇದ್ದರೆ ಒಂದು ಕಿಲೋಮೀಟರಿಗೆ ಸ್ವಲ್ಪ ಜಾಸ್ತಿ. ಇಲ್ಲಿ ಎರಡೇ ಅಂಕಿ ಹಾಕೋಣ. ಯಾವ ಶಿಲೆಯ ಪಟ್ಟಿಯಲ್ಲಿ ಬರುತ್ತದೆ ಅಂತ ನೋಡಲು ಭೂವಿಜ್ಞಾನ ಓದುವವರಿಗೆ ಅಷ್ಟು ಸಾಕು. ಯಾರ ಹೊಲ ಅಂತ ಹುಡುಕುವವರಿಗೆ ಅದು ಸಾಲುವುದಿಲ್ಲ. ಐದು ಅಂಕಿ ಮತ್ತು ಸರ್ವೆ ನಂಬರ್ ರೈತರ ಹತ್ತಿರದ ಪುಸ್ತಕದಲ್ಲಿ ಇರಲಿ. ಓದಲು ನಿಜವಾಗಿ ಬೇಕಾದವರು ಅವರನ್ನೇ ಕೇಳಲಿ. ಕೊಡುವುದು ಬಿಡುವುದು ಅವರಿಗೆ ಬಿಟ್ಟದ್ದು.

ಕಲ್ಲು ಓದುವಾಕೆ:

ಈ ಪದ್ಧತಿ ನನಗೆ ಬಹಳ ಹಿಡಿಸಿತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಶಿಲಾನಕ್ಷೆಗಳು ಭೂಕೋಶ್ ಜಾಲತಾಣದಲ್ಲಿ ಎಲ್ಲರಿಗೂ ಸಿಗುತ್ತವೆ. ಎರಡು ಅಂಕಿಯ ಜಾಗವನ್ನು ಅದರ ಮೇಲೆ ಇಟ್ಟರೆ ಕೆಳಗೆ ಯಾವ ಶಿಲೆ ಅಂತ ಹೆಚ್ಚಿನ ಕಡೆ ತಿಳಿಯುತ್ತದೆ. ಎರಡು ಶಿಲೆ ಕೂಡುವ ಅಂಚಿನಲ್ಲಿ ಮಾತ್ರ ಗೊಂದಲ ಆಗಬಹುದು. ಅದಕ್ಕೇ ಪಕ್ಕದ ಕಲ್ಲಿನ ವಿವರ ಮಾತಿನಲ್ಲೂ ಇರಲಿ ಅನ್ನುತ್ತೇನೆ.

ಬೆಟಗೇರಿ ಓದುಗ:

ರೈತರ ಒಪ್ಪಿಗೆ ಇದ್ದರೆ ಎರಡು ಅಂಕಿ ಒಪ್ಪುತ್ತೇನೆ. ಅರಣ್ಯದ ಜಾಗಕ್ಕೆ ಅದೂ ಬೇಡ. ತಾಲೂಕಿನ ಹೆಸರು, ಕಲ್ಲಿನ ಜಾತಿ ಸಾಕು. ಹಳೆಯ ಗಣಿಗಳ ಬಾಯಿ ಎಲ್ಲಿದೆ ಅಂತ ಯಾರೂ ಇಲ್ಲಿ ಹಾಕಬಾರದು. ಒಳಗೆ ಇಳಿದರೆ ಮೇಲೆ ಬರುವ ಖಾತ್ರಿ ಇಲ್ಲ, ಕೆಟ್ಟ ಗಾಳಿ ಇರುತ್ತದೆ, ಚಾವಣಿ ಕುಸಿಯುತ್ತದೆ. ನೀರು ತುಂಬಿದ ಖಣಿಗಳೂ ಅಷ್ಟೇ. ಈ ಮೂರಕ್ಕೆ ನೀವು ಒಪ್ಪಿದರೆ ನಾನೂ ಕೈ ಜೋಡಿಸುತ್ತೇನೆ. ಗ್ರಾಮದ ಹೆಸರು ಹಾಕುವ ವಿಷಯದಲ್ಲಿ ನನಗೆ ಈಗಲೂ ಪೂರ್ತಿ ಸಮಾಧಾನ ಇಲ್ಲ.

ಗದಗ ಮಾಸ್ತರ:

ಮೂರಕ್ಕೂ ಒಪ್ಪಿಗೆ. ಗ್ರಾಮದ ಹೆಸರು ಹಾಕಬೇಕೋ ಬೇಡವೋ ಅನ್ನುವುದನ್ನೂ ಹೊಲದವರೇ ಹೇಳಲಿ. ಬೇಡ ಅಂದರೆ ತಾಲೂಕಿಗೆ ನಿಲ್ಲಿಸೋಣ.

ಎರಿ ಹೊಲ:

ಟೈಲ್ಸ್ ಮೇಲೆ ಉಜ್ಜಿದೆ. ಕಪ್ಪು ಗೆರೆ ಬಿತ್ತು, ಬಿಸಿಲಿಗೆ ಹಿಡಿದರೆ ಸ್ವಲ್ಪ ಹಸಿರು ಛಾಯೆ. ಮೈಮೇಲೆ ಅಕ್ಕ ಹೇಳಿದಂತೆ ಗೆರೆ ಇವೆ. ಮನೆಯಲ್ಲಿ ಎರಡೂ ಪಂಗಡ ಈಗ ಸುಮ್ಮನಾಗಿದೆ. ನಮ್ಮ ಅವ್ವ ಮಾತ್ರ ಆ ಕಲ್ಲನ್ನು ದೇವರ ಮಾಡದಲ್ಲಿ ಇಟ್ಟಿದ್ದಾಳೆ. ಅಲ್ಲೇ ಇರಲಿ ಅಲ್ವಾ?

ಡಂಬಳದ ಕಡೆ ಅಂತ ಹಾಕಲು ನನ್ನ ಒಪ್ಪಿಗೆ ಇದೆ. ಹೊಲದ ಗುರುತು ಬೇಡ. ಕುಳಿಗಳು ಮೇಲಿನಿಂದ ಸುಮಾರು ಮೂವತ್ತೈದು ಅಡಿಯವರೆಗೆ, ಅದರ ಕೆಳಗೆ ಹೊಳೆಯುವ ಹರಳು ಅಂತ ಬಾವಿ ತೋಡಿದ ಮೇಸ್ತ್ರಿ ಹೇಳಿದರು. ಬರುವ ತಿಂಗಳು ಅದೇ ಹೊಲದ ಮೇಲ್ಭಾಗದಲ್ಲಿ ಕೃಷಿಹೊಂಡಕ್ಕೆ ಜೆಸಿಬಿ ಬರುತ್ತದೆ.

ಕಲ್ಲು ಓದುವಾಕೆ:

ಅವ್ವನ ಹತ್ತಿರ ಇರಲಿ ಅಣ್ಣಾ. ಮಳೆಗಾಲದಲ್ಲಿ ಮಾತ್ರ ಸ್ವಲ್ಪ ನೋಡಿಕೊಳ್ಳಿ. ಕೆಲವು ಪೈರೈಟ್ ತೇವಕ್ಕೆ ಹಾಳಾಗುತ್ತದೆ. ಬಿಳಿ ಪುಡಿ ಏಳುತ್ತದೆ, ಅದರಿಂದ ಬರುವ ಆಮ್ಲ ಕಾಗದ, ಬಟ್ಟೆಯನ್ನು ತಿನ್ನುತ್ತದೆ. ಚೀಟಿಯನ್ನು ಕಲ್ಲಿನ ಕೆಳಗೆ ಇಡಬೇಡಿ. ಪೆನ್ಸಿಲ್‌ನಲ್ಲಿ ಬರೆದು ಪುಸ್ತಕದಲ್ಲೂ ಒಂದು ನಕಲು ಇಡಿ. ಕುಂಕುಮ, ನೀರು ಹಾಕದೆ ಇದ್ದರೆ ಬಹಳ ಕಾಲ ಹೊಳೆಯುತ್ತದೆ.

ಹೊಂಡ ತೋಡುವ ದಿನ ತಿಳಿಸಿ, ನಾನು ಬರುತ್ತೇನೆ. ಮೇಲಿನ ಮಣ್ಣು, ಸಡಿಲ ಕಲ್ಲು, ಗಟ್ಟಿ ಕಲ್ಲು ಮೂರನ್ನೂ ಬೇರೆ ಬೇರೆ ಗುಡ್ಡೆ ಹಾಕಲು ಜೆಸಿಬಿಯವರಿಗೆ ಹೇಳಿ. ಕಲಸಿದರೆ ಯಾವ ಆಳದ್ದು ಅಂತ ತಿಳಿಯುವುದಿಲ್ಲ. ಬೆಣಚು ಒಡೆಯುವಾಗ ಚೂರು ಗಾಜಿನಂತೆ ಹಾರುತ್ತದೆ, ಕಣ್ಣಿಗೆ ಕನ್ನಡಕ ಬೇಕು. ನನ್ನ ಹತ್ತಿರ ಇರುವುದನ್ನು ತರುತ್ತೇನೆ.

ಗದಗ ಮಾಸ್ತರ:

ಹಾಗಾದರೆ ಮೊದಲ ದಾಖಲೆಯನ್ನು ಬರೆದೇಬಿಡುತ್ತೇನೆ. ತಿದ್ದುವುದಿದ್ದರೆ ಹೇಳಿ.

ಡಂಬಳದ ಕಡೆ, ಮುಂಡರಗಿ ತಾಲೂಕು, ಗದಗ ಜಿಲ್ಲೆ. ಅಂದಾಜು ಜಾಗ 15.29 ಉತ್ತರ, 75.77 ಪೂರ್ವ, ಎರಡು ಅಂಕಿಗೆ ನಿಲ್ಲಿಸಿದ್ದು. ಹೊಲದ ಬಾವಿ. ಹಸಿರು ಪದರಗಲ್ಲಿನಲ್ಲಿ ಅಂಗೈ ಅಗಲದ ಬೆಣಚುಪಟ್ಟಿ, ಪಟ್ಟಿಯ ಅಂಚಿನಲ್ಲಿ ಹಳದಿ ಚೌಕ ಹರಳು. ಹುಟ್ಟಿದ ಬಂಡೆಯಲ್ಲೇ ಕಂಡದ್ದು. ಸುಮಾರು 35 ಅಡಿಯವರೆಗೆ ಖಾಲಿ ಚೌಕ ಕುಳಿ ಮತ್ತು ತುಕ್ಕು, ಅದರ ಕೆಳಗೆ ಹೊಸ ಹರಳು, ಇದು ತೋಡಿದ ಮೇಸ್ತ್ರಿಯ ಮಾತು. ಗೆರೆ ಹಸಿರು ಮಿಶ್ರಿತ ಕಪ್ಪು. ಪೈರೈಟ್ ಎಂದು ಗುರುತಿಸಿದೆ, ಗೆರೆ ಮತ್ತು ಆಕಾರ ನೋಡಿ ಮಾತ್ರ, ಪ್ರಯೋಗಾಲಯದಲ್ಲಿ ಅಲ್ಲ. ಒಂದು ತುಂಡು ರೈತರ ಮನೆಯಲ್ಲಿದೆ. ಹೊಲದವರ ಒಪ್ಪಿಗೆ ಇದೆ.

ಸರಪಳಿ ಹಾವೇರಿ:

48 ಎಂ ಹಾಳೆ ಅಂತ ಸೇರಿಸಿ. ಬಾವಿಯ ಆಳವನ್ನು ನೆಲದ ಮಟ್ಟದಿಂದ ಅಳೆದದ್ದೋ, ಕಟ್ಟೆಯಿಂದ ಅಳೆದದ್ದೋ ಮೇಸ್ತ್ರಿಯನ್ನು ಕೇಳಿ. ಉಳಿದದ್ದು ಸರಿ ಇದೆ.

ಬೆಟಗೇರಿ ಓದುಗ:

ಓದಿದೆ. ಇಷ್ಟರಲ್ಲಿ ಹೊಲ ಹುಡುಕಲು ಆಗುವುದಿಲ್ಲ, ಸರಿ. ಮುಳಗುಂದದ ಕಡೆ ಖಡಿ ಮಷೀನು ನಡೆಸುವವರು ಒಬ್ಬರು ನನಗೆ ಪರಿಚಯ. ಕೆಲಸ ನಿಲ್ಲಿಸಿದ ಹೊತ್ತಿನಲ್ಲಿ ಖಣಿಯ ಗೋಡೆ ನೋಡಲು ಬಿಡುತ್ತಾರಾ ಅಂತ ಈ ವಾರ ಕೇಳುತ್ತೇನೆ.